ಕೀಮೊ ಸುಸ್ತು, ಮನಸ್ಸಿನ ಮಂಕು: ವಾರ್ಡಲ್ಲಿ ಜನ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ದಾವಣಗೆರೆಲಿ ಕೀಮೊ ಡೇ ಕೇರ್ ವಾರ್ಡಲ್ಲಿ ಕೆಲಸ ಮಾಡೋ ನರ್ಸ್. ಹರಿಹರ, ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದೆಲ್ಲ ಬರ್ತಾರೆ, ವಾಂತಿ ಬಗ್ಗೆ ಕೇಳ್ತಾರೆ, ಕೂದ್ಲು ಬಗ್ಗೆ ಕೇಳ್ತಾರೆ, ದುಡ್ಡಿನ ಬಗ್ಗೆ ಕೇಳ್ತಾರೆ, ಆದ್ರೆ ಸುಸ್ತು ಮತ್ತೆ ಮನಸ್ಸಿನ ವಿಷಯ ಮಾತ್ರ ಡಾಕ್ಟ್ರು ರೌಂಡ್ಸ್ ಮುಗಿಸಿ ಹೋದ್ಮೇಲೆ, ನಾನು ಸೂಜಿ ಹಾಕೋವಾಗ ಮೆಲ್ಲಗೆ ಹೇಳ್ತಾರೆ. ಇಂಥದ್ದನ್ನೆಲ್ಲ ಡಾಕ್ಟ್ರಿಗೆ ಹೇಳೋದಾ ಅನ್ನೋ ಸಂಕೋಚ. ಹೇಳ್ಬೇಕ್ರೀ, ನೋವು ಇದೆ ಅಂತ ಹೆಂಗೆ ಹೇಳ್ತೀರೋ ಹಂಗೇ ಹೇಳ್ಬೇಕು. ನಮ್ಮ ಕಡೆ ಮನೆಗಳಲ್ಲಿ ಇದಕ್ಕೆ ಇರೋದು ಎರಡೇ ಔಷಧಿ, "ಸುಮ್ನೆ ಮಲ್ಕೊ" ಮತ್ತೆ "ಧೈರ್ಯ ತಗೊ". ಎರಡನ್ನೂ ಪ್ರೀತಿಯಿಂದಾನೇ ಕೊಡ್ತಾರೆ, ಎರಡೂ ಕೆಲಸ ಮಾಡೋದು ಅಷ್ಟಕ್ಕಷ್ಟೇ.

ಎಷ್ಟು ಮಲಗಿದ್ರೂ ಸುಸ್ತು ಹೋಗ್ತಿಲ್ಲ, ಇದು ನಾರ್ಮಲ್ಲಾ?

ಕೀಮೊ, ರೇಡಿಯೇಶನ್ ತಗೊಳ್ಳೋರಲ್ಲಿ ಎಲ್ಲಕ್ಕಿಂತ ಜಾಸ್ತಿ ಜನಕ್ಕೆ ಬರೋ ತೊಂದ್ರೆನೇ ಇದು. ಹೊಲದಲ್ಲಿ ದಿನಾ ದುಡಿದು ಬಂದ ಸುಸ್ತು ರಾತ್ರಿ ನಿದ್ದೆ ಮಾಡಿದ್ರೆ ಹೋಗುತ್ತೆ, ಇದು ಹೋಗಲ್ಲ, ಬೆಳಿಗ್ಗೆ ಎದ್ದಾಗ್ಲೇ ಕೈಕಾಲು ಸೋತಿರ್ತವೆ, ಹಲ್ಲುಜ್ಜಿ ಬಂದು ಮತ್ತೆ ಕೂರಂಗಾಗುತ್ತೆ. ಇದು ಸೋಮಾರಿತನ ಅಲ್ಲ, ಕಾಯಿಲೆ ಜಾಸ್ತಿ ಆಗಿದೆ ಅನ್ನೋ ಸೂಚನೆನೂ ಅಲ್ಲ ಬಹಳ ಸಲ. ಆದ್ರೆ ನಾರ್ಮಲ್ ಅಂದಾಕ್ಷಣ ಏನೂ ಮಾಡಂಗಿಲ್ಲ ಅಂತ ಅಂದ್ಕೋಬೇಡ್ರಿ, ಮಾಡೋದು ಬೇಕಾದಷ್ಟಿದೆ.

ಯಾವ ದಿನ ಜಾಸ್ತಿ ಇರುತ್ತೆ, ಯಾವಾಗ ಕಮ್ಮಿ ಆಗುತ್ತೆ?

ಕೀಮೊದಲ್ಲಿ ಬಾಟ್ಲಿ ಹಾಕಿಸ್ಕೊಂಡ ದಿನ ಅಷ್ಟು ಗೊತ್ತಾಗಲ್ಲ, ಜೊತೆಗೆ ಕೊಡೋ ಡೆಕ್ಸಾ (ವಾಂತಿ ತಡೆಯೋಕೆ ಕೊಡೋ ಸ್ಟೀರಾಯ್ಡ್) ಇಂಜೆಕ್ಷನ್ ಮಾತ್ರೆ ಜೋರಲ್ಲಿ ಕೆಲವರು ಚೆನ್ನಾಗೇ ಓಡಾಡ್ತಾರೆ, ಆಮೇಲೆ ಡೆಕ್ಸಾ ನಿಂತ ಮೇಲೆ ಧಡಕ್ಕಂತ ಬೀಳ್ತಾರೆ. ಮುಂದಿನ ಸೈಕಲ್, ಅಂದ್ರೆ ಮುಂದಿನ ಸುತ್ತಿನ ಕೀಮೊ, ಹತ್ರ ಬರೋ ಹೊತ್ತಿಗೆ ಸ್ವಲ್ಪ ಚೇತರಿಕೆ ಬರುತ್ತೆ. ಒಂದು ಸೈಕಲ್‌ನಲ್ಲಿ ಡೈರಿಲಿ ಬರೆದಿಟ್ರೆ ಸಾಕು, ನಿಮ್ಮ ಕೆಟ್ಟ ದಿನ ಯಾವ್ದು ಒಳ್ಳೆ ದಿನ ಯಾವ್ದು ಅಂತ ನಿಮಗೇ ಗೊತ್ತಾಗಿಬಿಡುತ್ತೆ, ಬ್ಯಾಂಕ್ ಕೆಲಸ, ಮದುವೆ ಮನೆ ಎಲ್ಲ ಒಳ್ಳೆ ದಿನಕ್ಕೆ ಇಟ್ಕೋಬಹುದು.

ರೇಡಿಯೇಶನ್, ಅದೇ ನಮ್ಮ ಜನ ಕರೆಂಟ್ ಕೊಡಿಸೋದು ಅಂತಾರಲ್ಲ, ಅದ್ರಲ್ಲಿ ಉಲ್ಟಾ. ಮೊದಲ ವಾರ ಏನೂ ಇಲ್ಲ ಅಂತ ಖುಷಿಯಾಗಿರ್ತಾರೆ, ವಾರ ಕಳೆದಂಗೆ ಏರ್ತಾ ಹೋಗಿ ಕೊನೆ ಹೊತ್ತಿಗೆ ಜೋರಾಗುತ್ತೆ, ಮುಗಿದ್ಮೇಲೂ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ. "ಟ್ರೀಟ್ಮೆಂಟ್ ಮುಗೀತಲ್ಲ, ಇನ್ನೂ ಯಾಕೆ ಮಲಗ್ತೀಯ" ಅಂತ ಮನೆಯೋರು ಕೇಳೋದು ಆವಾಗ್ಲೇ.

ರಕ್ತ ಕಮ್ಮಿ ಇರೋದಕ್ಕಾ? ರಕ್ತ ಏರಿಸಿಬಿಟ್ರೆ ಸರಿ ಹೋಗಲ್ವಾ?

ಹಿಮೋಗ್ಲೋಬಿನ್ ಒಂದು ಕಾರಣ, ಒಂದೇ ಕಾರಣ ಅಲ್ಲ. ಸಾಮಾನ್ಯವಾಗಿ 7ಕ್ಕೋ 8ಕ್ಕೋ ಇಳಿದ್ರೆ, ಇಲ್ಲಾ ಉಸಿರು ಕಟ್ಟೋದು ಎದೆ ಬಡಿಯೋದು ಇದ್ರೆ ರಕ್ತ ಹಾಕೋ ವಿಚಾರ ಮಾಡ್ತಾರೆ, 10 ಇರೋರಿಗೆ ಏರಿಸಿ ಅಂತ ಜಗಳ ಮಾಡಿದ್ರೂ ಹಾಕಲ್ಲ, ಹಾಕೋದೂ ಬೇಡ. ಮೆಡಿಕಲ್ ಶಾಪಿಂದ ಐರನ್ ಮಾತ್ರೆ ತಂದು ನುಂಗೋರೂ ಇದಾರೆ, ಕೀಮೊದಿಂದ ಆಗಿರೋ ರಕ್ತಹೀನತೆಗೆ ಬರೀ ಐರನ್ ಕೆಲಸ ಮಾಡಲ್ಲ, ಮಲಬದ್ಧತೆ ಒಂದು ಫ್ರೀ ಸಿಗುತ್ತೆ ಅಷ್ಟೇ. ನೋವು ಕಂಟ್ರೋಲ್ ಆಗದೆ ಇರೋದು, ನಿದ್ದೆ ಇಲ್ದಿರೋದು, ಸೋಡಿಯಂ ಪೊಟ್ಯಾಷಿಯಂ ಏರುಪೇರು, ಊಟ ನೀರು ಸೇರದೆ ಇರೋದು, ಒಳಗೆ ಇನ್ಫೆಕ್ಷನ್, ಶುಗರ್, ಮತ್ತೆ ಮನಸ್ಸಿನ ಮಂಕು, ಇವೆಲ್ಲ ಸುಸ್ತಿನ ವೇಷದಲ್ಲೇ ಬರ್ತವೆ.

ಒಂದನ್ನ ಮಾತ್ರ ಇಲ್ಲಿ ಒತ್ತಿ ಹೇಳ್ತೀನಿ, ಯಾಕಂದ್ರೆ ಗುಟ್ಕಾ ತಂಬಾಕಿನ ದೆಸೆಯಿಂದ ನಮ್ಮ ಕಡೆ ಬಾಯಿ, ಗಂಟಲಿನ ಕ್ಯಾನ್ಸರ್ ಜಾಸ್ತಿ ನೋಡ್ತೀವಿ. ಕುತ್ತಿಗೆಗೆ ಕರೆಂಟ್ ಕೊಡಿಸಿದೋರಿಗೆ ತಿಂಗಳುಗಳಾದ್ಮೇಲೆ, ವರ್ಷ ಆದ್ಮೇಲೂ ಥೈರಾಯ್ಡ್ ಕೆಲಸ ಕಮ್ಮಿ ಆಗ್ಬಹುದು. ಸುಸ್ತು, ಚಳಿ ತಡೆಯಕ್ಕಾಗಲ್ಲ, ಮೈ ಊದುತ್ತೆ, ಮನಸ್ಸಿಗೆ ಏನೂ ಬೇಡ ಅನ್ಸುತ್ತೆ. ಟ್ರೀಟ್ಮೆಂಟ್ ಮುಗಿದು ಎಷ್ಟೋ ಕಾಲ ಆಯ್ತು ಅಂತ ಯಾರೂ ಅದನ್ನ ಇದಕ್ಕೆ ಸೇರಿಸಿ ನೋಡಲ್ಲ. 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಟೆಸ್ಟ್ ಮಾಡಿಸ್ರಿ, ಥೈರಾಯ್ಡ್ ಕೆಲಸ ಕಮ್ಮಿ ಆಗಿದೆ ಅಂತ ಬಂದ್ರೆ ದಿನಕ್ಕೊಂದು ಮಾತ್ರೆಲಿ ಸರಿ ಹೋಗೋ ವಿಷಯ ಅದು.

ಊರಲ್ಲೇ ಒಂದು ಗ್ಲುಕೋಸ್ ಬಾಟ್ಲಿ ಹಾಕಿಸ್ಕೊಂಡ್ರೆ ಶಕ್ತಿ ಬರಲ್ವಾ?

500 ಎಂಎಲ್‌ನ 5 ಪರ್ಸೆಂಟ್ ಬಾಟ್ಲಿಲಿ ಇರೋದು 25 ಗ್ರಾಂ ಸಕ್ಕರೆ. ಎರಡು ಲೋಟ ಪಾನಕದಲ್ಲಿ ಅಷ್ಟು ಇರುತ್ತೆ. ವಾಂತಿ ಭೇದಿ ಆಗಿ ನೀರಿನಂಶ ಹೋಗಿದ್ರೆ ಬಾಟ್ಲಿ ಬೇಕು, ಅದು ಬೇರೆ ಮಾತು, ಆದ್ರೆ ಶಕ್ತಿಗೆ ಅಂತ ಹಾಕಿಸ್ಕೊಳ್ಳೋದು ದುಡ್ಡು ದಂಡ, ಮೇಲಾಗಿ ಕೀಮೊ ನಡೀತಿರೋವಾಗ ಎಲ್ಲೆಲ್ಲೋ ಸೂಜಿ ಚುಚ್ಚಿಸ್ಕೊಂಡ್ರೆ ಇನ್ಫೆಕ್ಷನ್ ಭಯ, ನರನೂ ಹಾಳು. ನಾಳೆ ನಮಗೆ ಕೀಮೊ ಹಾಕೋಕೆ ನರ ಸಿಗಲ್ಲ!

ನಿಲ್ಲಕ್ಕೇ ಆಗಲ್ಲ ಅಂದ್ರೆ ವಾಕಿಂಗ್ ಮಾಡು ಅಂತೀರಲ್ಲ ಸಿಸ್ಟರ್?

ಈ ಪ್ರಶ್ನೆ ಕೇಳದೆ ಇರೋ ಪೇಷಂಟ್ ಇಲ್ಲ, ಕೆಲವರು ಸಿಟ್ಟಲ್ಲೇ ಕೇಳ್ತಾರೆ. ಆದ್ರೆ ಈ ಸುಸ್ತಿಗೆ ಇಲ್ಲಿವರೆಗೆ ಸ್ಟಡಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ಯಾವ್ದು ಅಂದ್ರೆ ಮಾತ್ರೆ ಅಲ್ಲ, ಟಾನಿಕ್ ಅಲ್ಲ, ಮೈ ಅಲ್ಲಾಡಿಸೋದು. ಮಲಗಿದಲ್ಲೇ ಮಲಗಿದ್ರೆ ಮಾಂಸಖಂಡ ಕರಗುತ್ತೆ, ಕರಗಿದ್ರೆ ಎದ್ದು ಬಚ್ಚಲಿಗೆ ಹೋಗೋದೇ ದೊಡ್ಡ ಕೆಲಸ ಆಗುತ್ತೆ, ಅದಕ್ಕೆ ಇನ್ನೂ ಮಲಗ್ತೀರ, ಹಿಂಗೆ ಸುತ್ತುತ್ತೆ. ಅಮೆರಿಕದ ಸ್ಪೋರ್ಟ್ಸ್ ಮೆಡಿಸಿನ್ ತಜ್ಞರು 2019ರಲ್ಲಿ ಕ್ಯಾನ್ಸರ್ ಪೇಷಂಟುಗಳಿಗೆ ಅಂತಾನೇ ಕೊಟ್ಟ ಸಲಹೆ ವಾರಕ್ಕೆ 3 ಸಲ, ಸಲಕ್ಕೆ ಅರ್ಧ ಗಂಟೆ, ಹಿಂಗೆ 12 ವಾರ. ಸುಸ್ತಿಗೂ ಆಗುತ್ತೆ, ಮನಸ್ಸಿಗೂ ಆಗುತ್ತೆ ಅಂತ.

ಅರ್ಧ ಗಂಟೆ ಕೇಳಿ ಹೆದರಬೇಡ್ರಿ, ಅದು ಮುಟ್ಟೋ ಜಾಗ, ಶುರು ಮಾಡೋ ಜಾಗ ಅಲ್ಲ. ಶುರುವಿಗೆ ಮನೆ ಅಂಗಳದಲ್ಲಿ 5 ನಿಮಿಷ, ಮಾತಾಡ್ತಾ ನಡೆಯೋಕಾಗೋ ಅಷ್ಟು ಸ್ಪೀಡು, ಕೆಟ್ಟ ದಿನ ಇದ್ರೆ ಮಂಚದ ಮೇಲೇ ಕೂತು ಕಾಲು ಚಾಚೋದು ಮಡಚೋದು. ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ದಾವಣಗೆರೆಯೋರಿಗೆ ಕುಂದುವಾಡ ಕೆರೆ ಏರಿ ಇದೆ, ಚಿತ್ರದುರ್ಗದೋರು ಕೋಟೆ ಹತ್ತೋಕೆ ಹೋಗಬೇಡ್ರಿ ಸದ್ಯಕ್ಕೆ, ಸಪಾಟಾಗಿರೋ ಬೀದಿ ಸಾಕು. ಏಪ್ರಿಲ್ ಮೇ ತಿಂಗಳಲ್ಲಂತೂ ಬೆಳಿಗ್ಗೆ 7ರ ಒಳಗೆ, ಇಲ್ಲಾ ಹೊತ್ತು ಮುಳುಗಿದ ಮೇಲೆ.

ಜ್ವರ ಇದ್ದಾಗ, ತಲೆ ಸುತ್ತಿದಾಗ, ಎದೆ ನೋವು ಉಸಿರಾಟದ ತೊಂದ್ರೆ ಇದ್ದಾಗ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) ತುಂಬಾ ಇಳಿದಿದೆ ಅಂದಾಗ ಬೇಡ. ಮೂಳೆಗೆ ಕಾಯಿಲೆ ಹರಡಿದ್ರೆ ಯಾವ ವ್ಯಾಯಾಮ ಮಾಡ್ಬಹುದು ಅಂತ ಡಾಕ್ಟ್ರನ್ನ ಕೇಳ್ದೆ ಶುರು ಮಾಡಂಗಿಲ್ಲ. ಜ್ವರದ ಮಾತು ಬಂತು, ಹೇಳಿಬಿಡ್ತೀನಿ: ಕೀಮೊ ನಡೀತಿರೋವಾಗ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ಡೋಲೊ ನುಂಗಿ ಬೆಳಗಾಗ್ಲಿ ಅಂತ ಕಾಯಬೇಡ್ರಿ, ರಾತ್ರಿ 2 ಗಂಟೆ ಆದ್ರೂ ಆಸ್ಪತ್ರೆಗೆ ಹೊರಡ್ರಿ, ಬಿಳಿರಕ್ತಕಣ ಇಳಿದಿರೋವಾಗ ಜ್ವರ ಎಮರ್ಜೆನ್ಸಿ.

ಊಟ ಏನು ಕೊಡೋಣ? ಕಷಾಯ ಕೊಡ್ಬಹುದಾ?

ಪ್ರೋಟೀನ್ ಕಡೆ ಗಮನ ಕೊಡ್ರಿ, ಹಣ್ಣಿನ ಜ್ಯೂಸ್ ಕಡೆ ಅಲ್ಲ. ಹೆಸರುಬೇಳೆ ತೊವ್ವೆ, ಮೊಟ್ಟೆ, ಗಟ್ಟಿ ಮೊಸರು, ಶೇಂಗಾ ಪುಡಿ, ಮೊಳಕೆ ಕಾಳು ಬೇಯಿಸಿದ್ದು. ಮೂರು ಹೊತ್ತು ತಟ್ಟೆ ತುಂಬ ಬಡಿಸಿ "ಉಣ್ಣು ಉಣ್ಣು" ಅಂದ್ರೆ ತಟ್ಟೆ ನೋಡಿದ್ರೇ ಅವ್ರಿಗೆ ವಾಕರಿಕೆ, ಅದರ ಬದ್ಲು ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಬಾಯಿ ಹುಣ್ಣಾಗಿದ್ರೆ ಖಡಕ್ ರೊಟ್ಟಿ ಬೇಡ, ಮೆತ್ತನೆ ಮುದ್ದೆ, ಗಂಜಿ. ಮಂಡಕ್ಕಿ ಮೆಣಸಿನಕಾಯಿ ಬೇಕು ಅಂತ ಒಬ್ಬರು ಹಠ ಹಿಡೀತಿದ್ರು, ಹುಣ್ಣಿಲ್ಲ ಅಂದ್ರೆ ಮನೆಲೇ ಮಾಡಿ ಬಿಸಿಬಿಸಿ ಒಂದು ಕೊಡ್ರಿ ಅಂದೆ, ತಿನ್ನೋ ಆಸೆ ಬಂದಿರೋದೇ ದೊಡ್ಡದು.

ಕಷಾಯ, ಅಮೃತಬಳ್ಳಿ, ಯಾರೋ ಕೊಟ್ಟ ಬೇರು, ಇವನ್ನ ಡಾಕ್ಟ್ರಿಗೆ ಹೇಳ್ದೆ ಕೊಡಬೇಡ್ರಿ. ಕೀಮೊ ಔಷಧಿ ಬಹಳಷ್ಟು ಲಿವರಲ್ಲೇ ಕರಗಬೇಕು, ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದ ಕೇಸುಗಳು ನಮ್ಮ ದೇಶದಲ್ಲೇ ವರದಿ ಆಗಿವೆ.

ರಾತ್ರಿ ನಿದ್ದೆ ಇಲ್ಲ, ಹಗಲೆಲ್ಲ ತೂಕಡಿಕೆ, ಏನ್ಮಾಡೋದು?

ಮೊದ್ಲು ಡೆಕ್ಸಾ ಮಾತ್ರೆ ಯಾವ ಹೊತ್ತಿಗೆ ನುಂಗ್ತಿದೀರ ನೋಡ್ರಿ, ಸಂಜೆ ನುಂಗಿದ್ರೆ ರಾತ್ರಿ ಕಣ್ಣು ಮುಚ್ಚಲ್ಲ, ಬೆಳಿಗ್ಗೆಗೆ ಬದಲಾಯಿಸ್ಬಹುದಾ ಅಂತ ಕೇಳ್ರಿ. ಹಗಲು ಮಲಗೋದು ಮಧ್ಯಾಹ್ನ 3ರ ಒಳಗೆ, ಅರ್ಧ ಗಂಟೆ. ಸಂಜೆ ಮೇಲೆ ಚಹಾ ಬಿಡ್ರಿ. ಪಕ್ಕದ ಮನೆಯೋರ ನಿದ್ದೆ ಮಾತ್ರೆ ಇಸ್ಕೊಂಡು ನುಂಗೋದು ಬೇಡ.

ನಾನು ಮಲಗಿದ್ರೆ ಮನೆ ಕೆಲಸ ಯಾರು ಮಾಡ್ತಾರೆ?

ಹೆಂಗಸ್ರೇ ಕೇಳೋದು ಇದನ್ನ, ಗಂಡಸ್ರು ಯಾರೂ ಕೇಳಿಲ್ಲ ಇಲ್ಲಿವರೆಗೆ. ದಿನಕ್ಕೆ ಇಷ್ಟೇ ಶಕ್ತಿ ಇದೆ ಅಂತ ಗೊತ್ತಿದ್ಮೇಲೆ ಎಲ್ಲಿ ಖರ್ಚು ಮಾಡ್ಬೇಕು ಅನ್ನೋದು ನೀವೇ ಡಿಸೈಡ್ ಮಾಡ್ರಿ, ಮಗಳ ಜಡೆ ಹಾಕೋದು ನಿಮಗೆ ಇಷ್ಟ ಅಂದ್ರೆ ಅದನ್ನ ಇಟ್ಕೊಳ್ರಿ, ಪಾತ್ರೆ ಬಟ್ಟೆ ರೊಟ್ಟಿ ತಟ್ಟೋದು ಬೇರೆಯೋರಿಗೆ ಬಿಡ್ರಿ, ತರಕಾರಿ ಹೆಚ್ಚೋದಿದ್ರೆ ಕುರ್ಚಿ ಮೇಲೆ ಕೂತು ಹೆಚ್ರಿ. ಚೆನ್ನಾಗಿದೆ ಅನ್ನಿಸಿದ ದಿನ ಪೂರ್ತಿ ಮನೆ ಗುಡಿಸಿ ಸಾರಿಸಿ ಆಮೇಲೆ ಎರಡು ದಿನ ಏಳಕ್ಕಾಗದೆ ಬೀಳೋದು, ಇದನ್ನ ಎಷ್ಟು ಜನರಲ್ಲಿ ನೋಡಿದೀನೋ. ಅತ್ತೆಯೋರೇ ಮುಂದೆ ಬಂದು "ನೀ ಕೂತ್ಕೊಳವ್ವ" ಅಂದಿರೋ ಮನೆಗಳೂ ಇವೆ, ಅವ್ರಿಗೆ ನಮಸ್ಕಾರ. ಮಕ್ಕಳ ಕೈಲೂ ಒಂದು ಕೆಲಸ ಹಿಡಿಸ್ರಿ.

ಕ್ಯಾನ್ಸರ್ ಬಂದ್ಮೇಲೆ ಬೇಜಾರು ಆಗೋದು ಸಹಜ ಅಲ್ವಾ, ಅದಕ್ಕೂ ಡಾಕ್ಟ್ರು ಬೇಕಾ?

ಬೇಜಾರು ಸಹಜ. ಅಳು ಬರುತ್ತೆ, ಹೆದರಿಕೆ ಆಗುತ್ತೆ, ರಿಪೋರ್ಟ್ ಬರೋ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಆದ್ರೆ ಎರಡು ವಾರ, ಹೆಚ್ಚುಕಮ್ಮಿ ದಿನಾಲೂ, ಮನಸ್ಸು ಕುಗ್ಗೇ ಇದ್ರೆ, ಇಲ್ಲಾ ಮೊದ್ಲು ಇಷ್ಟ ಆಗ್ತಿದ್ದದ್ದು ಯಾವ್ದೂ ಬೇಡ ಅನ್ಸಿದ್ರೆ, ಅದು ಡಾಕ್ಟ್ರಿಗೆ ಹೇಳೋ ವಿಷಯ. ಹಸಿವಿಲ್ಲ ನಿದ್ದೆ ಇಲ್ಲ ಅನ್ನೋದರಿಂದ ಇದನ್ನ ಕಂಡುಹಿಡಿಯೋದು ಕಷ್ಟ, ಅವು ಕೀಮೊದಿಂದಾನೂ ಬರ್ತವೆ. ಅದಕ್ಕೆ ನಾನು ನೋಡೋದು ಬೇರೆ: ಮೊಮ್ಮಗು ಬಂದ್ರೂ ಮುಖ ತಿರುಗಿಸ್ತಾರಾ, ಅಡಿಕೆ ರೇಟು ಎಷ್ಟಾಯ್ತು ಅಂತ ಕೇಳೋದು ಬಿಟ್ಟಿದಾರಾ, "ನನ್ನಿಂದ ನಿಮಗೆಲ್ಲ ತೊಂದ್ರೆ ಆಗ್ತತೆ" ಅಂತ ಹೇಳಿದ್ದೇ ಹೇಳ್ತಾರಾ. ಬರೀ ಸುಸ್ತಿರೋ ಮನುಷ್ಯನಿಗೆ ಮಾಡೋ ಆಸೆ ಇರುತ್ತೆ, ಮೈ ಕೇಳಲ್ಲ. ಮಂಕಾದೋರಿಗೆ ಆಸೆನೇ ಇರಲ್ಲ. ಎರಡೂ ಒಟ್ಟಿಗೆ ಇರೋದೂ ಬಹಳ, ಒಂದು ಇನ್ನೊಂದನ್ನ ಎಳ್ಕೊಂಡು ಬರುತ್ತೆ.

ದಾವಣಗೆರೆ ಚಿಗಟೇರಿ ಜಿಲ್ಲಾಸ್ಪತ್ರೆಲಿ, ಚಿತ್ರದುರ್ಗ ಜಿಲ್ಲಾಸ್ಪತ್ರೆಲಿ ಮಾನಸಿಕ ವಿಭಾಗ ಇದೆ. ಅಲ್ಲಿಗೆ ಹೋದ್ರೆ ಜನ ಹುಚ್ಚು ಅಂತಾರೆ ಅನ್ನೋ ಭಯ ಇದ್ರೆ ನಿಮ್ಮ ಕ್ಯಾನ್ಸರ್ ಡಾಕ್ಟ್ರಿಗೇ ಹೇಳ್ರಿ, ಅಲ್ಲಿಂದಾನೇ ಶುರು ಮಾಡ್ಬಹುದು.

ಮನಸ್ಸಿನ ಮಾತ್ರೆ ಶುರು ಮಾಡಿದ್ರೆ ಚಟ ಆಗ್ಬಿಡುತ್ತಾ?

ಡಿಪ್ರೆಶನ್‌ಗೆ ಕೊಡೋ ಮಾತ್ರೆನೇ ಬೇರೆ, ಚಟ ಹಿಡಿಸೋ ನಿದ್ದೆ ಮಾತ್ರೆನೇ ಬೇರೆ. ಎರಡು ಮೂರು ದಿನ ನುಂಗಿ ಏನೂ ಆಗ್ಲಿಲ್ಲ ಅಂತ ಬಿಡ್ತಾರೆ, ಅದು ಕೆಲಸ ಶುರು ಮಾಡೋಕೇ 2ರಿಂದ 4 ವಾರ ಬೇಕು. ಚೆನ್ನಾಗಾದ್ಮೇಲೂ ತಾವೇ ದಿಢೀರ್ ನಿಲ್ಲಿಸಂಗಿಲ್ಲ, ನಿಧಾನಕ್ಕೆ ಇಳಿಸ್ತಾರೆ. ಕೆಲವು ಮಾತ್ರೆ, ಉದಾಹರಣೆಗೆ ಮಿರ್ಟಜಪೀನ್, ನಿದ್ದೆಗೂ ಹಸಿವಿಗೂ ಹೆಲ್ಪ್ ಆಗುತ್ತೆ ಅಂತ ಕೊಡ್ತಾರೆ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ತಗೊಳ್ತಿರೋರು ಅದನ್ನ ಮನಸ್ಸಿನ ಡಾಕ್ಟ್ರಿಗೆ ಮರೀದೆ ಹೇಳ್ರಿ, ಪ್ಯಾರೊಕ್ಸೆಟಿನ್, ಫ್ಲೂಆಕ್ಸೆಟಿನ್ ಇವೆರಡು ಡಿಪ್ರೆಶನ್ ಮಾತ್ರೆ ಟ್ಯಾಮಾಕ್ಸಿಫೆನ್ ಕೆಲಸವನ್ನ ತಗ್ಗಿಸ್ಬಹುದು, ಬೇರೆ ಮಾತ್ರೆ ಇದಾವೆ. ಎಲ್ಲರಿಗೂ ಮಾತ್ರೆನೇ ಬೇಕು ಅಂತಲೂ ಇಲ್ಲ, ಕೌನ್ಸೆಲಿಂಗ್‌ನಲ್ಲೇ ಸುಧಾರಿಸೋರು ಇದಾರೆ.

ಅಪ್ಪಾಜಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ಹೇಳಿದ್ರೆ ಕುಗ್ಗಿ ಹೋಗ್ತಾರೆ, ನೀವೂ ಹೇಳ್ಬೇಡ್ರಿ ಸಿಸ್ಟರ್

ಪ್ರಶ್ನೆ ಅಲ್ಲ ಇದು, ಆರ್ಡರ್. ವಾರಕ್ಕೆ ಒಂದಾದ್ರೂ ಇರುತ್ತೆ. ಕೂದಲು ಉದುರಿದೆ, ಪಕ್ಕದ ಕುರ್ಚಿಲಿ ಕೂತಿರೋರೂ ಅದೇ ಬಾಟ್ಲಿ ಹಾಕಿಸ್ಕೊಳ್ತಿದಾರೆ, ಫೈಲ್ ಮೇಲೆ ಬರೆದಿದೆ, ಅಪ್ಪಾಜಿಗೆ ಗೊತ್ತಿರಲ್ವಾ? ನನ್ನ ಅನುಭವದಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ, ಮಕ್ಕಳಿಗೆ ನೋವಾಗ್ಬಾರ್ದು ಅಂತ ಅವ್ರು ಸುಮ್ನಿರ್ತಾರೆ, ಅಪ್ಪನಿಗೆ ನೋವಾಗ್ಬಾರ್ದು ಅಂತ ಮಕ್ಕಳು ಸುಮ್ನಿರ್ತಾರೆ, ಒಂದೇ ಮನೇಲಿ ಎಲ್ಲರೂ ಒಂಟಿ. ಮಂಕಿಗೆ ಇದೂ ಒಂದು ಕಾರಣ. ಎಲ್ಲಾ ಒಂದೇ ಸಲ ಸುರೀಬೇಕು ಅಂತಲ್ಲ. "ಅಪ್ಪಾಜಿ, ಕಾಯಿಲೆ ಬಗ್ಗೆ ನಿಮಗೆ ಏನನ್ಸತ್ತೆ, ಏನು ತಿಳ್ಕೋಬೇಕು ಅನ್ಸುತ್ತೆ" ಅಂತ ಕೇಳಿ ನೋಡ್ರಿ, ಅವ್ರು ಎಷ್ಟು ಕೇಳ್ತಾರೋ ಅಷ್ಟು ಹೇಳ್ರಿ, ಬೇಡ ಅಂದ್ರೆ ಅಲ್ಲಿಗೇ ಬಿಡ್ರಿ. ಡಾಕ್ಟ್ರನ್ನ ಜೊತೆಲಿ ಕೂರಿಸ್ಕೊಂಡು ಮಾತಾಡ್ಬಹುದು.

"ಇದರಕಿಂತ ಸತ್ತೋದ್ರೆ ಸಾಕು" ಅಂತಾರೆ, ಸೀರಿಯಸ್ ಆಗಿ ತಗೋಬೇಕಾ?

ತಗೊಳ್ಲೇಬೇಕು. "ಹಂಗೆಲ್ಲ ಅನ್ಬಾರ್ದು, ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸ್ಬೇಡ್ರಿ, ನೇರವಾಗಿ ಕೇಳ್ರಿ, ಸಾಯೋ ಯೋಚನೆ ಬರ್ತಿದೆಯಾ, ಏನಾದ್ರೂ ಮಾಡ್ಕೋಬೇಕು ಅನ್ಸಿದೆಯಾ ಅಂತ. ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹೋಗುತ್ತೆ ಅನ್ನೋದು ಸುಳ್ಳು, ಕೇಳಿದ್ಮೇಲೆ ಎಷ್ಟೋ ಜನ ಹಗುರಾಗ್ತಾರೆ. ಕೆಲವರು ನೋವು ತಡೀಲಾರದೆ ಹಂಗಂತಾರೆ, ನೋವು ಕಂಟ್ರೋಲ್ ಆದ್ರೆ ಆ ಮಾತೇ ನಿಲ್ಲುತ್ತೆ. ನಮ್ಮದು ಮೆಕ್ಕೆಜೋಳ, ಈರುಳ್ಳಿ, ಅಡಿಕೆ ಬೆಳೆಯೋ ಸೀಮೆ, ಮನೆ ಮೂಲೇಲಿ ಹೊಡೆಯೋ ಔಷಧಿ ಡಬ್ಬಿ ಇರುತ್ತೆ, ಮೊದ್ಲು ಅದನ್ನ ಬೇರೆ ಮನೆಗೆ ಸಾಗಿಸ್ರಿ. ನೋವಿನ ಮಾತ್ರೆ, ನಿದ್ದೆ ಮಾತ್ರೆ ನಿಮ್ಮ ಕೈಲಿ ಇರ್ಲಿ. ಒಬ್ಬರನ್ನೇ ಬಿಡಬೇಡ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, 24 ಗಂಟೆನೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ಪೇಷಂಟೇ ಮಾಡ್ಬೇಕು ಅಂತಿಲ್ಲ ನೀವೂ ಮಾಡ್ಬಹುದು. ಈಗಲೇ ಏನೋ ಮಾಡ್ಕೊಳ್ತಾರೆ ಅನ್ನೋ ಥರ ಇದ್ರೆ 112 ಇಲ್ಲಾ 108.

ನೋಡೋಕೆ ಬರೋ ನೆಂಟರಿಂದ ಇನ್ನೂ ಸುಸ್ತಾಗ್ತಿದೆ!

ಬಿಸ್ಕೆಟ್ ಪ್ಯಾಕು ಹಿಡ್ಕೊಂಡು ಬಂದು, ತಮ್ಮ ಊರಲ್ಲಿ ಇದೇ ಕಾಯಿಲೆಲಿ ಯಾರ್ಯಾರು ಹೋದ್ರು ಅಂತ ಲಿಸ್ಟ್ ಒಪ್ಪಿಸಿ, ಕೊನೆಗೆ "ಧೈರ್ಯ ತಗೊಳಪ್ಪ" ಅಂತ ಎದ್ದು ಹೋಗೋರು. ಬಾಗಿಲಲ್ಲೇ ಮನೆಯೋರು ಒಬ್ಬರು ನಿಂತು "ಡಾಕ್ಟ್ರು 10 ನಿಮಿಷ ಅಂದಿದಾರೆ" ಅಂತ ಹೇಳ್ರಿ, ಬೇಕಾದ್ರೆ ಸಿಸ್ಟರ್ ಬೈದ್ರು ಅಂತ ನನ್ನ ಮೇಲೇ ಹಾಕ್ರಿ. ಹೋಗೋರಿಗೂ ಒಂದು ಮಾತು, ಧೈರ್ಯ ಹೇಳೋ ಬದ್ಲು ಒಂದು ಡಬ್ಬಿ ತೊವ್ವೆ ತಗೊಂಡು ಹೋಗ್ರಿ, ಇಲ್ಲಾ ಅವರ ಮಗುನ ಸಂಜೆ ಟ್ಯೂಷನ್‌ಗೆ ಬಿಟ್ಟು ಬರ್ರಿ.

ಓಡಾಟದಲ್ಲೇ ಅರ್ಧ ಜೀವ ಹೋಗುತ್ತೆ, ಏನಾದ್ರೂ ಅನುಕೂಲ ಇದೆಯಾ?

ರೇಡಿಯೇಶನ್ ವಾರಕ್ಕೆ 5 ದಿನ, ಎಷ್ಟೋ ಜನಕ್ಕೆ 5ರಿಂದ 7 ವಾರ, ಹಳ್ಳಿಯಿಂದ ದಿನಾ ಬಸ್ಸಲ್ಲಿ ಬಂದು ಹೋಗೋದು ಬೇಡ, ಆಸ್ಪತ್ರೆ ಹತ್ರ ನೆಂಟರ ಮನೆನೋ ರೂಮೋ ನೋಡ್ರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋರಿಗೆ ಅಲ್ಲೇ ಧರ್ಮಶಾಲೆ ಇದೆ. ರೈಲಲ್ಲಿ ಕ್ಯಾನ್ಸರ್ ಪೇಷಂಟ್ ಟ್ರೀಟ್ಮೆಂಟ್‌ಗೆ ಹೋಗೋವಾಗ ಸ್ಲೀಪರ್, ಥರ್ಡ್ ಎಸಿ ಟಿಕೆಟ್‌ಗೆ ಪೂರ್ತಿ ರಿಯಾಯಿತಿ, ಜೊತೆ ಹೋಗೋರಿಗೆ 75 ಪರ್ಸೆಂಟ್, ಡಾಕ್ಟ್ರ ಸೈನ್ ಆಗಿರೋ ಫಾರಂ ಬೇಕು. ಹೆಂಗಸ್ರಿಗೆ 2023ರ ಜೂನ್‌ನಿಂದ ಶಕ್ತಿ ಬಸ್ ಇದ್ದೇ ಇದೆ, ಆದ್ರೆ ರಶ್ ಇರೋ ಬಸ್ಸಲ್ಲಿ ನಿಂತ್ಕೊಂಡು ಹೋಗೋಕಿಂತ ಬೆಳಿಗ್ಗೆ ಮೊದಲ ಬಸ್ಸು ಹಿಡೀರಿ. ದುಡ್ಡಿನ ಚಿಂತೆನೂ ಮನಸ್ಸನ್ನ ತಿನ್ನುತ್ತಲ್ಲ, ಬಿಪಿಎಲ್ ಕಾರ್ಡ್ ಇರೋರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ ಅನ್ನೋದನ್ನ ಆಸ್ಪತ್ರೆಯ ಆರೋಗ್ಯಮಿತ್ರ (ಈ ಸ್ಕೀಮಿನ ಕೆಲಸ ನೋಡ್ಕೊಳ್ಳೋರು) ಹತ್ರ ಮೊದಲ ದಿನಾನೇ ಕೇಳಿ.

ನೋಡ್ಕೊಳ್ಳೋ ನಮಗೇ ಸಾಕಾಗೋಗಿದೆ, ಹಿಂಗೆ ಹೇಳೋದು ತಪ್ಪಾ?

ತಪ್ಪಲ್ಲ. ಪಾಳಿ ಹಾಕ್ಕೊಳ್ರಿ, ಅಣ್ಣ ತಮ್ಮ ಫೋನಲ್ಲಿ ಸಲಹೆ ಕೊಡೋದು ಬಿಟ್ಟು ಭಾನುವಾರ ಬಂದು ಕೂರ್ಲಿ. 14416 ನಿಮಗೂ ಇದೆ.

ಓಪಿಡಿಲಿ ಡಾಕ್ಟ್ರು ಸಿಗೋದೇ ಎರಡು ನಿಮಿಷ, ಏನಂತ ಹೇಳೋದು?

"ಸುಸ್ತು ಡಾಕ್ಟ್ರೇ" ಅಂದ್ರೆ "ಆಗುತ್ತೆ" ಅಂತ ಮುಂದಿನ ಟೋಕನ್ ಕರೀತಾರೆ. ನಂಬರ್ ಹೇಳ್ರಿ. ಸುಸ್ತೇ ಇಲ್ಲ ಅಂದ್ರೆ 0, ಏಳೋಕೇ ಆಗಲ್ಲ ಅಂದ್ರೆ 10. ನಿಮ್ಮದು 4 ಇಲ್ಲಾ ಅದಕ್ಕಿಂತ ಜಾಸ್ತಿ ಇದ್ರೆ ಕಾರಣ ಹುಡುಕ್ಬೇಕು, 7 ಇಲ್ಲಾ ಅದರ ಮೇಲಿದ್ರೆ ಜಾಸ್ತಿನೇ ಜಾಸ್ತಿ. "ಡಾಕ್ಟ್ರೇ, ಎರಡು ವಾರದಿಂದ ಸುಸ್ತು 8 ಇದೆ, ಸ್ನಾನ ಮಾಡ್ಸೋಕೆ ಇನ್ನೊಬ್ಬರು ಬೇಕು, ಯಾವ್ದರಲ್ಲೂ ಮನಸ್ಸಿಲ್ಲ, ರಾತ್ರಿ ಮೂರು ಗಂಟೆ ನಿದ್ದೆ" ಅಂತ ಚೀಟಿಲಿ ಬರ್ಕೊಂಡು ಬಂದು ಕೈಗೆ ಕೊಡ್ರಿ. ಚೀಟಿ ಕೊಟ್ಟೋರ ಫೈಲಲ್ಲಿ ಟೆಸ್ಟ್ ಬರೆದಿರೋದನ್ನ ನಾನು ನೋಡಿದೀನಿ.

ದಾವಣಗೆರೆ ದುಗ್ಗಮ್ಮನ ಜಾತ್ರೆಗೆ ಕರ್ಕೊಂಡು ಹೋಗ್ಬಹುದಾ?

ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಹೋಗ್ಬೇಕು ಅನ್ನೋ ಆಸೆ ಇದ್ರೆ ಅದನ್ನ ಕೊಲ್ಲಬೇಡ್ರಿ. ಕೀಮೊ ಆದ 7ರಿಂದ 14ನೇ ದಿನದ ಮಧ್ಯೆ ಸಾಮಾನ್ಯವಾಗಿ ಬಿಳಿರಕ್ತಕಣ ತೀರಾ ಇಳಿದಿರುತ್ತೆ, ಆ ದಿನಗಳಲ್ಲಿ ಬೇಡ. ಉಳಿದ ದಿನ ರಕ್ತದ ರಿಪೋರ್ಟ್ ತೋರಿಸಿ ಡಾಕ್ಟ್ರು ಹೂಂ ಅಂದ್ರೆ, ಬೆಳಿಗ್ಗೆ ರಶ್ ಇಲ್ದಿರೋ ಹೊತ್ತಲ್ಲಿ, ಮಾಸ್ಕ್ ಹಾಕಿಸಿ, ಆಟೋದಲ್ಲಿ ದೇವಸ್ಥಾನದ ಹತ್ತಿರದವರೆಗೆ ಹೋಗಿ ದರ್ಶನ ಮಾಡಿಸ್ಕೊಂಡು ಬರ್ರಿ. ಹೊರಗಿನ ನೀರು, ಹೆಚ್ಚಿಟ್ಟ ಹಣ್ಣು ಮಾತ್ರ ಬೇಡ, ಮನೆಯಿಂದಾನೇ ಬಾಟ್ಲಿ ಒಯ್ರಿ, ಕೂರೋಕೆ ಒಂದು ಮಡಚೋ ಕುರ್ಚಿನೂ.